ಎರಡು ಬೆರಳ ಅಳತೆ

ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದು ಕೂತ ಮೇಲೂ ಬೆರಳುಗಳು ತನ್ನವಲ್ಲ ಅನ್ನಿಸುತ್ತಿತ್ತು. ಔಷಧಿ ಕಾರ್ಖಾನೆಯ ಕಚೇರಿಯ ಹೊರಗೆ ಗೋಡೆಗೊತ್ತಿ ಹಾಕಿದ್ದ ಬೆಂಚಿನ ಮೇಲೆ ಅವಳು ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡಿದ್ದಳು, ಯಾರದೋ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಲು ಒಪ್ಪಿಕೊಂಡವರ ಹಾಗೆ. ಗಂಡ ಹೋದಮೇಲೆ ಈ ಕೈಗಳು ಪಾತ್ರೆ ತಿಕ್ಕಿದ್ದವು, ಬೀಗ ಹಾಕಿದ್ದವು, ಮಾತಾಡಿಸಲು ಬಂದವರಿಗೆ ನೀರು ಕೊಟ್ಟಿದ್ದವು. ಮಾತಾಡಿರಲಿಲ್ಲ. ಅವು ಮಾತಾಡುತ್ತಿದ್ದದ್ದು ಅವನ ಜೊತೆ. ಹುಟ್ಟಿನಿಂದಲೇ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕೈಭಾಷೆ ಕಲಿಯುತ್ತಿದ್ದಾಗ ವಿಭಾಗದ ಬೋರ್ಡು ಬರೆಯಲು ಬಂದವನು, ಏಣಿಯ ಮೇಲಿಂದಲೇ ಅವಳ ತಪ್ಪು ತಿದ್ದಿದವನು. ನೀನು ಮಾಡಿದ್ದು ‘ಪಾಠ’ ಅಲ್ಲ, ‘ಬದನೆಕಾಯಿ’, ಅಂದಿದ್ದ, ಕೈಯಲ್ಲಿ ಬ್ರಷ್ಷು ಹಿಡಿದುಕೊಂಡೇ. ಅದು ಸುಳ್ಳು, ಅವಳನ್ನು ನಗಿಸಲು ಕಟ್ಟಿದ್ದು, ಎಂದು ತಿಳಿದದ್ದು ಮದುವೆಯಾದ ಮೇಲೆ.

ಪಕ್ಕದಲ್ಲಿ ಹುಡುಗಿ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ಗಲ್ಲದಲ್ಲಿ ಹಳೆಯ ಗಾಯದ ಗುರುತಿದ್ದದ್ದರಿಂದ ಕಿವಿ ಕೇಳದವರ ನಡುವೆ ಅವಳ ಹೆಸರೇ ಗಲ್ಲದ ಮೇಲೊಂದು ಬೆರಳ ಗೆರೆ. ಕನ್ನಡಕವನ್ನು ಸದಾ ಮೇಲೆ ತಳ್ಳುತ್ತಿದ್ದ ಇವಳ ಹೆಸರು, ಮೂಗಿನ ಮೇಲಿಟ್ಟ ಒಂದು ಬೆರಳು. ಗಂಡನದು ಹುಬ್ಬು, ಅಲ್ಲಿ ಯಾವಾಗಲೂ ಒಂದು ಹನಿ ಬಣ್ಣ ಒಣಗಿರುತ್ತಿತ್ತು. ಅವನು ಕಿವುಡರ ಶಾಲೆಯಲ್ಲಿ ಶನಿವಾರ ಬಣ್ಣ ಹಚ್ಚುವುದನ್ನು ಹೇಳಿಕೊಡುತ್ತಿದ್ದಾಗ ಈ ಹುಡುಗಿ ಕೊನೆಯ ಬೆಂಚಿನಲ್ಲಿ ಕೂತು ಮಿಕ್ಕವರ ಅಂಗಿಗೆ ಬಣ್ಣ ಹಚ್ಚುತ್ತಿದ್ದಳಂತೆ. ಈಗ ದೊಡ್ಡವಳಾಗಿದ್ದಾಳೆ. ಇಸ್ತ್ರಿ ಹಾಕಿದ ಬಟ್ಟೆ, ಎಣ್ಣೆ ಹಚ್ಚಿ ಬಿಗಿದ ಜಡೆ. ಬಾಟಲಿ ತುಂಬುವ ವಿಭಾಗದಲ್ಲಿ, ಬೆಳಕಿಗೆ ಹಿಡಿದು ಬಾಟಲಿ ಪರೀಕ್ಷಿಸುವ ಕೆಲಸ ಖಾಲಿಯಿದೆ. ಸಂದರ್ಶನಕ್ಕೆ ಕರೆದದ್ದು ಇದು ನಾಲ್ಕನೇ ಕಡೆ. ಹಿಂದಿನ ಕಡೆಗಳಲ್ಲಿ ಅವಳ ಕೈಮಾತನ್ನು ಬಾಯಲ್ಲಿ ಹೇಳಲು ಯಾರೂ ಇರಲಿಲ್ಲ, ಇವತ್ತು ಅದಕ್ಕೇ ಇವಳು ಜೊತೆಗೆ ಬಂದಿದ್ದಳು. ಅವರು ಕೇಳಿದರು, ಇವಳು ತುಟಿ ನೋಡಿದಳು, ಅವರು ನಕ್ಕು ಕಳಿಸಿದರು. ಇದೂ ಆಗದಿದ್ದರೆ ದೊಡ್ಡಮ್ಮನ ಮನೆಗೆ ಹೋಗಿ ಅವರ ಮೊಮ್ಮಕ್ಕಳನ್ನು ನೋಡಿಕೊಂಡಿರಬೇಕು ಎಂದು ತೀರ್ಮಾನವಾಗಿತ್ತು.

ಹುಡುಗಿಯ ತಾಯಿ ನಿನ್ನೆ ಫೋನು ಮಾಡಿ ಹೇಳಿದ್ದಳು. “ನೀವು ಬರ್ತೀನಂದ್ರಲ್ಲ, ಅದೇ ದೊಡ್ಡದು ಕಣಮ್ಮ. ಒಂದೇ ಒಂದು ಮಾತು. ಎಲ್ಲರ ಮಕ್ಕಳಿಗೆ ಬಾಯಿ ಜೋರು, ನನ್ನ ಮಗಳಿಗೆ ಕೈ ಜೋರು. ಅವಳು ಹೇಳಿದ್ದನ್ನ ಹೇಳಿದ ಹಾಗೇ ಒಪ್ಪಿಸಿಬಿಡಬೇಡಿ. ಸ್ವಲ್ಪ ಬೆಲ್ಲ ಸವರಿ ಹೇಳಿ.”

“ಹಾಗೆ ಮಾಡಬಾರದಮ್ಮ.”

“ಬಾರದ್ದು ಎಷ್ಟೋ ಇರುತ್ತೆ ಬಿಡಿ. ನೀವು ಸಂಸಾರ ಮಾಡಿದವರು, ನಿಮಗೆ ನಾನು ಹೇಳಬೇಕಾ?”

ಸಂಸಾರ ಮಾಡಿದವರು. ಫೋನಿಟ್ಟ ಮೇಲೆ ಆ ಮಾತು ಅಡುಗೆಮನೆಯಲ್ಲೇ ಉಳಿದುಕೊಂಡಿತ್ತು.

“ಅಕ್ಕ, ನಿಮಗೆ ಭಯವಾ?” ಹುಡುಗಿ ಮೊಣಕೈಯಿಂದ ತಿವಿದು ಕೈಯಲ್ಲಿ ಕೇಳಿದಳು.

“ಕೈ ತುಕ್ಕು ಹಿಡಿದಿದೆ.”

“ಎಣ್ಣೆ ಬೇಕಾದರೆ ನನ್ನ ತಲೆ ಮುಟ್ಟಿ.”

ಒಳಗಿಂದ ಕರೆದರು.

ಕೋಣೆಯಲ್ಲಿ ಇಬ್ಬರಿದ್ದರು. ಮ್ಯಾನೇಜರ್ ಹೆಂಗಸು ನಯವಾದ ಮುಖದವಳು, ಮೇಜಿನ ಮೇಲಿನ ಗಾಜಿನ ಗುಂಡನ್ನು ಅಂಗೈಯಲ್ಲಿ ಉರುಳಿಸುತ್ತಿದ್ದಳು. ವಿಭಾಗದ ಮೇಸ್ತ್ರಿ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಕೂರುವುದು ಅಭ್ಯಾಸವಿಲ್ಲದವನ ಹಾಗೆ. ಅವನ ಕೊರಳಿಗೆ ದಾರದಲ್ಲಿ ಎರಡು ರಬ್ಬರಿನ ಬಿರಡೆ ನೇತಾಡುತ್ತಿದ್ದವು. ಸದ್ದು ತಡೆಯಲು ಕಿವಿಗೆ ಸಿಕ್ಕಿಸಿಕೊಳ್ಳುವಂಥವು. ಗೋಡೆಯ ಆಚೆಗೆ ಬಾಟಲಿಗಳು ಒಂದಕ್ಕೊಂದು ತಾಗುತ್ತ ಓಡುವ ಸದ್ದು, ಹಲ್ಲು ಕಡಿದಂತೆ, ಒಂದೇ ಸಮ ಬರುತ್ತಿತ್ತು. ಅವಳು ಕುರ್ಚಿಯನ್ನು ಮ್ಯಾನೇಜರಿನ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಕೇಳುವವರ ಮುಖ, ಹೇಳುವವಳ ಕೈ, ಎರಡೂ ಹುಡುಗಿಗೆ ಒಂದೇ ನೋಟದಲ್ಲಿ ಕಾಣಬೇಕು. ನೀವು ಕಿಟಕಿಯ ಗಾಜು, ಎಂದು ವಿಶ್ವವಿದ್ಯಾಲಯದ ಮೇಷ್ಟ್ರು ಹೇಳುತ್ತಿದ್ದರು. ಗಾಜಿಗೆ ಸ್ವಂತ ಅಭಿಪ್ರಾಯ ಇರುವುದಿಲ್ಲ, ಆ ಕಡೆಯವರು ‘ನಾನು’ ಅಂದರೆ ನೀವೂ ‘ನಾನು’ ಅನ್ನಬೇಕು. ಆ ಮೇಷ್ಟ್ರ ಗಾಜು ಯಾರ ಮನೆಯ ಊಟಕ್ಕೂ ಕೂತಿರಲಿಲ್ಲ.

“ಇವಳಿಗೆ ಕೆಲಸ ಏನೂಂತ ಗೊತ್ತಾ?” ಮ್ಯಾನೇಜರ್ ಹುಡುಗಿಯನ್ನು ಬಿಟ್ಟು ಅವಳನ್ನೇ ನೋಡಿ ಕೇಳಿದಳು.

“ಅವರನ್ನೇ ಕೇಳಿ ಮೇಡಂ. ನಾನು ಹೇಳ್ತೀನಿ.”

“ಅವರನ್ನೇ ಅಂದ್ರೆ, ಹೇಗೆ? ಕೇಳಲ್ಲವಲ್ಲ?” ಮ್ಯಾನೇಜರ್ ಸ್ವಲ್ಪ ಕೆಂಪಾಗಿ, ಹುಡುಗಿಯ ಕಡೆ ತಿರುಗಿ, ಒಂದೊಂದೇ ಅಕ್ಷರ ಎತ್ತಿಟ್ಟ ಹಾಗೆ, “ಎಷ್ಟು, ಓದಿ, ದ್ದೀ, ಯಮ್ಮಾ?” ಎಂದಳು.

ಹುಡುಗಿಯ ಕೈ ಎದ್ದು ಹೇಳತೊಡಗಿತು. ಶಾಲೆಯಲ್ಲಿ ಕೈ ಕಟ್ಟಿ ಕೂರಿಸುತ್ತಿದ್ದರು, ಕೈಯಲ್ಲಿ ಮಾತಾಡಿದರೆ ಬಾಯಿ ಬರುವುದಿಲ್ಲ ಎಂದು. ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪ’ ಅನ್ನು ಎನ್ನುತ್ತಿದ್ದರು. ಕಾಗದ ಅಲ್ಲಾಡಿದರೆ ಪಾಸು. ಹಾಗಾಗಿ ಶಾಲೆಯಲ್ಲಿ ನಾನು ಕಾಗದ ಅಲ್ಲಾಡಿಸುವುದನ್ನು ಚೆನ್ನಾಗಿ ಕಲಿತೆ. ಆಮೇಲೆ ವೈರಿಂಗ್ ತರಬೇತಿ. ಅಲ್ಲಿನ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಪಾಠ ಮಾಡುತ್ತಿದ್ದರು. ಅವರ ಬೆನ್ನಿಗೆ ತುಟಿ ಇರಲಿಲ್ಲ. ಪಕ್ಕದವನ ಕೈ ನೋಡಿ ಕಲಿತೆ. ಪರೀಕ್ಷೆಯಲ್ಲಿ ಅವನು ಫೇಲಾದ, ನಾನು ಪಾಸಾದೆ.

“ಶಾಲೆ ಮುಗಿಸಿದ್ದೇನೆ. ವೈರಿಂಗ್ ತರಬೇತಿಯನ್ನೂ ಪಾಸು ಮಾಡಿದ್ದೇನೆ,” ಎಂದಷ್ಟೇ ಅವಳು ಬಾಯಲ್ಲಿ ಹೇಳಿದಳು.

ಹೇಳಿದ ಮೇಲೆ, ಇಷ್ಟರಲ್ಲಿ ಏನೂ ಮುಕ್ಕಾಗಲಿಲ್ಲ ಎಂದು ತನಗೇ ಹೇಳಿಕೊಂಡಳು. ಹೂಕೋಸಿನ ಎಲೆ ಬಿಡಿಸಿದ ಹಾಗೆ. ಹುಡುಗಿ ಅವಳ ತುಟಿಗಳನ್ನು ನೋಡಿ ಕಣ್ಣು ಸ್ವಲ್ಪ ಕಿರಿದು ಮಾಡಿದಳು.

“ನೀವು ಇದನ್ನ ಎಲ್ಲಿ ಕಲಿತಿರಿ?” ಮ್ಯಾನೇಜರ್ ಮತ್ತೆ ಅವಳ ಕಡೆ ತಿರುಗಿದಳು. “ನೋಡೋಕೆ ಡ್ಯಾನ್ಸಿನ ಹಾಗಿದೆ.”

“ಗಂಡನಿಂದ.”

“ಓ. ಅವರೂ... ಏನು ಮಾಡ್ತಾರೆ?”

“ಹೋದರು.”

ಗಾಜಿನ ಗುಂಡು ಮೇಜಿನ ಮೇಲೆ ನಿಂತಿತು. “ಛೇ, ಪಾಪ,” ಎಂದಳು ಮ್ಯಾನೇಜರ್. ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ಕೈಗೆ ತರಬೇಕು ಎಂಬುದು ನಿಯಮ. ಈ ಮಾತನ್ನು ಅವಳು ತರಲಿಲ್ಲ. ಕೈ ಮಡಿಲಿನಲ್ಲೇ ಇತ್ತು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. “ನೋಡಮ್ಮ, ನಮ್ಮ ಬೆಲ್ಟು ಓಡ್ತಾ ಇರುತ್ತೆ. ಎಲ್ಲಾದರೂ ಬಾಟಲಿ ಒಡೆದರೆ ಬೆಲ್ ಹೊಡೀತೀವಿ. ಬೆಲ್ ಹೊಡೆದ ಕೂಡಲೇ ಎಲ್ಲರೂ ಕೈ ತೆಗೀಬೇಕು. ತೆಗೀಲಿಲ್ಲ, ಗಾಜು ಸೀದಾ ಕೈಗೆ. ಇವಳಿಗೆ ಬೆಲ್ ಹೇಗೆ ಕೇಳಿಸುತ್ತೆ? ಅದೊಂದು ಹೇಳಲಿ, ನನಗೆ ಬೇರೇನೂ ಬೇಡ.”

ಅದು ಕೆಟ್ಟ ಪ್ರಶ್ನೆಯಾಗಿರಲಿಲ್ಲ. ಅವಳು ಅದನ್ನು ಒಡೆದ ಬಾಟಲಿ, ಕೈ, ಗಾಜು ಸಮೇತ ಹುಡುಗಿಗೆ ತಲುಪಿಸಿದಳು. ಹುಡುಗಿ ಮುಂದಕ್ಕೆ ಸರಿದು ಕೂತಳು. ಇದಕ್ಕಾಗಿಯೇ ಕಾದಿದ್ದವಳ ಹಾಗೆ ಕೈಗಳು ಹೊರಟವು. ಅರ್ಜಿ ಕೊಡಲು ಬಂದಾಗ ಕಿಟಕಿಯಲ್ಲಿ ನಿಮ್ಮ ವಿಭಾಗ ನೋಡಿದೆ. ಅಲ್ಲಿ ಎಲ್ಲರ ಕಿವಿಗೂ ಬಿರಡೆ ಇದೆ, ಸಾರ್, ನಿಮ್ಮ ಕೊರಳಲ್ಲೂ ಇದೆ. ಅವರ ಕಿವಿ ಮುಚ್ಚಲು ಕಂಪನಿ ಖರ್ಚು ಮಾಡುತ್ತದೆ. ನಾನು ಮನೆಯಿಂದಲೇ ಮುಚ್ಚಿಸಿಕೊಂಡು ಬಂದಿದ್ದೇನೆ, ನಿಮಗೆ ಲಾಭ. ಬಿರಡೆ ಹಾಕಿದವರಿಗೆ ಬೆಲ್ ಹೇಗೆ ಕೇಳಿಸುತ್ತೆ, ಮೊದಲು ನೀವು ಹೇಳಿ. ಇಲ್ಲಿ ಅವಳು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದಳು, ನಗುವಿಗೆ ಜಾಗ ಬಿಟ್ಟು. ಬಿಟ್ಟು, ಮುಂದುವರಿಸಿದಳು: ಬೆಲ್ಲಿನ ವೈರಿಗೇ ಒಂದು ಕೆಂಪು ಬಲ್ಬು ಸೇರಿಸಿ, ಬೆಲ್ಟಿನ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ. ನಾನೇ ಸೇರಿಸಿಕೊಡುತ್ತೇನೆ. ನನಗೊಬ್ಬಳಿಗಲ್ಲ, ಬಿರಡೆಯವರಿಗೂ ಆಗುತ್ತೆ.

ಮಾತು ದಾಟಿಸಬೇಕಾದವಳ ಬಾಯಿ ತೆರೆಯಿತು. ತೆರೆದ ಬಾಯಿಯಲ್ಲಿ ಹುಡುಗಿಯ ತಾಯಿಯ ಬೆಲ್ಲವಿತ್ತು, ಮ್ಯಾನೇಜರಿನ ‘ಪಾಪ’ ಇತ್ತು. ಮೇಸ್ತ್ರಿಯ ಕೊರಳಿನ ಬಿರಡೆಯನ್ನು ತೋರಿಸಿ ಅವನನ್ನೇ ಪ್ರಶ್ನೆ ಕೇಳುವ ಧೈರ್ಯ ಇರಲಿಲ್ಲ. ಕೆಲಸ ಕೇಳಲು ಬಂದವಳು ಬಲ್ಬನ್ನೂ ಕೇಳುವುದೇ? “ಅಕ್ಕಪಕ್ಕದವರನ್ನ ನೋಡ್ಕೊಂಡೇ ಇರ್ತೀನಿ ಸಾರ್,” ಎಂದಳು. “ತುಂಬ ಹುಷಾರಾಗಿರ್ತೀನಿ. ನನ್ನಿಂದ ಯಾರಿಗೂ ತೊಂದರೆ ಆಗಲ್ಲ. ಒಂದು ಅವಕಾಶ ಕೊಡಿ.” ಹೇಳುತ್ತ ಹೇಳುತ್ತ ತನ್ನ ತಲೆ ಬಗ್ಗಿದ್ದು ಅವಳಿಗೆ ಗೊತ್ತಾಯಿತು.

ಯಾರೂ ನಗಲಿಲ್ಲ. ಮ್ಯಾನೇಜರ್ ಹುಬ್ಬು ಮೇಲೆತ್ತಿ, ತುಟಿ ಒಂದು ಬದಿಗೆ ಎಳೆದು, ತಲೆ ವಾಲಿಸಿದಳು. ಮೇಸ್ತ್ರಿ ನೆಲ ನೋಡಿದ. ಹುಡುಗಿ ಒಬ್ಬರಿಂದ ಒಬ್ಬರಿಗೆ ನೋಡಿದಳು. ತುಟಿ ಓದುವುದರಲ್ಲಿ ಅವಳು ತಪ್ಪಬಹುದು. ಆದರೆ ಈ ಮುಖವನ್ನು ಅವಳು ಹುಟ್ಟಿದಂದಿನಿಂದ ಓದುತ್ತ ಬಂದಿದ್ದಳು. ತಮಾಷೆ ಕೇಳಿದವರ ಮುಖ ಅಲ್ಲ ಅದು. ನಿಧಾನವಾಗಿ ಇವಳ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳು ಹಿಡಿಯುವಷ್ಟು ಜಾಗ ಬಿಟ್ಟು, ಕೈ ಎತ್ತಿ ತೋರಿಸಿದಳು. ಇಷ್ಟೇನಾ?

ಆ ಅಳತೆ ಅವಳ ಗಂಡನದು. ಶನಿವಾರದ ತರಗತಿಯಲ್ಲಿ ಹುಡುಗರೆಲ್ಲ ಅವನಿಂದಲೇ ಕಲಿತಿರಬೇಕು. ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಏನಾದರೊಂದು ಶುರು ಮಾಡುತ್ತಿದ್ದರು. ಎಲ್ಲರೂ ತಟ್ಟೆ ಬಿಟ್ಟು ನಗುತ್ತಿದ್ದರು. ಇವನು ಒಂದೊಂದು ಮುಖ ನೋಡಿ, ತಾನೂ ಹಲ್ಲು ತೆರೆದು, ಮೇಜಿನ ಕೆಳಗೆ ಅವಳ ಮಂಡಿ ತಟ್ಟುತ್ತಿದ್ದ. ಏನಂತೆ? ಅವಳೂ ನಗುತ್ತಿದ್ದಳು, ಬಾಯಿ ತುಂಬ ಅನ್ನವಿತ್ತು, ಕೈ ಎಂಜಲಾಗಿತ್ತು. ಆಮೇಲೆ ಹೇಳ್ತೀನಿ. ಆಮೇಲೆ, ಕೋಣೆಯಲ್ಲಿ, ‘ನಿಮ್ಮಣ್ಣ ಬಸ್ಸಿನಲ್ಲಿ ಜಾರಿ ಬಿದ್ದದ್ದನ್ನು ಹೇಳಿದರು’ ಎಂದರೆ, ಆ ಎರಡು ಬೆರಳು ಎತ್ತುತ್ತಿದ್ದ. ಅಷ್ಟೊತ್ತು ನಕ್ಕಿರಿ, ಇಷ್ಟೇನಾ? ಅವಳು ಅವನ ಬೆರಳು ಹಿಡಿದು ಮುಚ್ಚಿಬಿಡುತ್ತಿದ್ದಳು. ನಿದ್ದೆ ಬರುತ್ತೆ, ಮಲಗು. ಅವಳು ಓದಿದವಳು, ಅವನ ಭಾಷೆಯ ಮೇಲೆ ಪ್ರಬಂಧ ಬರೆದವಳು. ಅವಳಿಗಿಂತ ಅತ್ತೆಯೇ ವಾಸಿಯೇನೋ. ಅವರು ಏನೂ ಹೇಳುತ್ತಿರಲಿಲ್ಲ, ಹೇಳಿದ್ದೇನೆ ಎಂದು ಅಂದುಕೊಳ್ಳುತ್ತಲೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲು ಹಾಕಿ, ಕುರ್ಚಿ ಹತ್ತಿರ ಎಳೆದುಕೊಂಡು, ಬಹಳ ಹೊತ್ತು ಮಾತಾಡಿದ್ದರು. ಒಳ್ಳೆಯವರು, ಅವನ ಮುಖ ನೋಡಿಕೊಂಡೇ ಮಾತಾಡಿದರು. ಕೊನೆಗೆ, ಇದನ್ನ ಅವರಿಗೆ ಹೇಳಿ, ಗೊತ್ತಿರೋದು ಒಳ್ಳೇದು, ಎಂದರು. ಅವನು ಅವಳ ಕಡೆ ತಿರುಗಿದ. ಅವಳ ಕೈ ಹೇಳಿತು: ರಕ್ತ ಕಡಿಮೆ ಇದೆಯಂತೆ. ಚೆನ್ನಾಗಿ ಊಟ ಮಾಡಬೇಕಂತೆ. ಅವನು ಡಾಕ್ಟರ ಮುಖ ನೋಡಿದ, ಅವಳ ಮುಖ ನೋಡಿದ. ಬಣ್ಣದ ಕಲೆ ಹೋಗದ ಆ ಎರಡು ಬೆರಳು ಮೇಲೆದ್ದವು. ಇಷ್ಟೇನಾ? ಇಷ್ಟೇ, ಎಂದಳು ಅವಳು. ಅವನು ಅವಳ ಮಂಡಿ ತಟ್ಟಿದ. ಕೇಳುವುದಕ್ಕಲ್ಲ, ಸುಮ್ಮನೆ. ಆ ದಿನದಿಂದ ಅವನು ಏನಂತೆ ಎಂದು ಕೇಳುವುದನ್ನೇ ಬಿಟ್ಟ. ನರ್ಸು ಬಂದರೂ, ಅಣ್ಣ ಬಂದು ಗೋಡೆಗೆ ಮುಖ ಮಾಡಿ ಅತ್ತರೂ, ಕಿಟಕಿಯಾಚೆ ನೋಡುತ್ತಿದ್ದ. ಅವನಿಗೆ ಯಾರನ್ನಾದರೂ ನೋಡಬೇಕೆನಿಸಿತ್ತೋ, ಏನಾದರೂ ಹೇಳುವುದಿತ್ತೋ. ತಾನು ಮಾತನ್ನು ಮುಚ್ಚಿಟ್ಟು ಹಾಕಿದ ಬಾಗಿಲ ಆಚೆ ಅವನು ಒಬ್ಬನೇ ಇದ್ದ.

“ಸರಿಯಮ್ಮ, ನಾವು ತಿಳಿಸ್ತೀವಿ,” ಮ್ಯಾನೇಜರ್ ಕಾಗದ ಮಡಚಿದಳು.

ಹುಡುಗಿಯ ಬೆರಳು ಇನ್ನೂ ಗಾಳಿಯಲ್ಲಿತ್ತು.

“ಮೇಡಂ, ಒಂದು ನಿಮಿಷ,” ಎಂದಳು ಅವಳು. “ಈಗ ಹೇಳಿದ್ದು ನಾನು. ಇವರು ಹೇಳಿದ್ದು ಅದಲ್ಲ.”

“ಅಂದ್ರೆ?”

“ಇವರು ಅವಕಾಶ ಕೊಡಿ ಅಂತ ಬೇಡಲಿಲ್ಲ. ನಾನು ಬೇಡಿಕೊಂಡೆ. ಇವರು ಒಂದು ತಮಾಷೆ ಹೇಳಿದರು, ನಾನು ನುಂಗಿಬಿಟ್ಟೆ. ಸಾರ್ ಕೇಳಿದ್ದಕ್ಕೆ ಸರಿಯಾದ ಉತ್ತರಾನೂ ಕೊಟ್ಟರು, ಅದನ್ನೂ ನುಂಗಿದೆ.” ಮಾತಾಡುತ್ತಲೇ ಇದನ್ನೆಲ್ಲ ಅವಳು ಕೈಯಲ್ಲೂ ಹೇಳುತ್ತಿದ್ದಳು. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಅನುವಾದಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕೈಯೊಳಗೆ ಸಿಕ್ಕಿಕೊಂಡಿದ್ದ ಏನೋ ಬಿಟ್ಟಂತಾಯಿತು. ಆಮೇಲೆ ಹುಡುಗಿಯ ಮಾತನ್ನು ಮೊದಲಿಂದ, ಹೇಳಿದ ಹಾಗೇ ಹೇಳಿದಳು. ಕಿವಿಯ ಬಿರಡೆ, ಕಂಪನಿಗೆ ಲಾಭ, ಮೊದಲು ನೀವು ಹೇಳಿ, ಕೆಂಪು ಬಲ್ಬು.

ಮೇಸ್ತ್ರಿಯ ಕೈ ಕೊರಳಿನ ದಾರಕ್ಕೆ ಹೋಯಿತು. ಬಿರಡೆ ನೋಡಿಕೊಂಡ. ಒಮ್ಮೆಲೇ ಹೊಟ್ಟೆ ಅಲ್ಲಾಡುವ ಹಾಗೆ ನಕ್ಕ. “ಮನೆಯಿಂದಲೇ ಮುಚ್ಚಿಸ್ಕೊಂಡು ಬಂದಿದಾಳಂತೆ! ಅಲ್ಲ ಮೇಡಂ, ಹೋದ ವಾರ ಬೆಲ್ ಹೊಡೆದರೆ ನಮ್ಮವನೇ ಒಬ್ಬ ಕೈ ಕೊಯ್ಕೊಂಡನಲ್ಲ, ಕಿವಿ ಕೇಳೋನೇ!”

“ಅದೆಲ್ಲ ಈಗ ಯಾಕೆ,” ಎಂದಳು ಮ್ಯಾನೇಜರ್. ಅವಳ ಮುಖದ ನಯ ಮೇಲಿಂದ ಕೆಳಕ್ಕೆ ಮುದುಡಿತ್ತು. ಅವಳು ನೋಡುತ್ತಿದ್ದದ್ದು ಹುಡುಗಿಯನ್ನಲ್ಲ, ಇವಳನ್ನು. “ನೀವು ಹೇಳಿದ್ದರಲ್ಲಿ ಯಾವುದನ್ನ ನಂಬೋದು ನಾವು? ಮೊದಲನೇದನ್ನೋ, ಎರಡನೇದನ್ನೋ?”

ಅವಳು ಆ ಪ್ರಶ್ನೆಯನ್ನೂ ಹುಡುಗಿಗೆ ದಾಟಿಸಿದಳು. ಹುಡುಗಿ ಎದ್ದು ನಿಂತು ಇಬ್ಬರಿಗೂ ಕೈ ಮುಗಿದು ಬಾಗಿಲ ಕಡೆ ಹೊರಟಳು. ಬೆನ್ನು ತಿರುಗಿದ ಕೂಡಲೇ ಅವರು ಮಾತು ಶುರು ಮಾಡಿದರು. ಇವಳ ಕಿವಿ ಕೇಳುತ್ತದೆ ಎಂಬುದೇ ಅವರಿಗೆ ಮರೆತುಹೋದಂತಿತ್ತು.

ಬಸ್ ಸ್ಟಾಪಿನವರೆಗೂ ಹುಡುಗಿ ಮುಂದೆ ನಡೆದಳು. ಹಿಂದೆ ಬರುವವಳು ಏನು ಹೇಳಿದರೂ ಕಾಣಿಸದು. ಕಿವುಡರು ಮುನಿಸಿಕೊಂಡರೆ ಇಷ್ಟೇ ಸಾಕು. ಸ್ಟಾಪಿನ ಕಂಬ ಬಂದಮೇಲೆ ತಿರುಗಿದಳು.

“ನಾನು ಬೆನ್ನು ಹಾಕಿದ ಮೇಲೆ ಏನಂದರು?”

ಏನಿಲ್ಲ ಬಿಡು, ಎಂದು ಕೈ ತಾನಾಗಿ ಹೊರಟಿತ್ತು. ಅವಳು ಅದನ್ನು ಹಿಡಿದುಕೊಂಡಳು. “ಮೇಸ್ತ್ರಿ ಅಂದ, ಹುಡುಗಿ ಗಟ್ಟಿ ಇದಾಳೆ, ಆದರೆ ದಿನಾ ಬಡ್ಕೊಂಡು ಹೇಳೋನು ನಾನಲ್ಲವಾ, ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ.” ಕಿನ್ನರಿಗೆ ಅವಳು ತಂತಿ ಮೀಟಿ ತೋರಿಸಬೇಕಾಯಿತು.

“ಬಾರಿಸಲಿ. ಬೆರಳು ನೋಡ್ತೀನಿ. ಆಮೇಲೆ?”

“ಮೇಡಂ ಅಂದರು, ಬಲ್ಬು ಹಾಕೋದು ದೊಡ್ಡದಲ್ಲ, ಹಾಕಿದ ಮೇಲೆ ತೆಗೆಯೋಕಾಗಲ್ಲ. ಒಬ್ಬಳನ್ನ ತಗೊಂಡರೆ ನಾಳೆ ಬಾಗಿಲಲ್ಲಿ ಸಾಲು ನಿಲ್ಲುತ್ತೆ.”

ಹುಡುಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. “ಕೆಲಸ ಕೊಡ್ತಾರಾ?”

“ಕೊಡಲಿಕ್ಕಿಲ್ಲ ಅನ್ನಿಸುತ್ತೆ.”

“ಮೊದಲ ಸಲವೇ ಹೇಳಿದ್ದರೆ ಅವನು ಆಗಲೇ ನಗ್ತಿದ್ದ. ಅವನು ನಕ್ಕರೆ ಅವಳಿಗೂ ನಗಬೇಕಾಗ್ತಿತ್ತು. ಆಮೇಲೆ ಬಲ್ಬಿನ ಮಾತು. ನಾನು ಹಾಗೆ ಲೆಕ್ಕ ಹಾಕಿದ್ದೆ ಅಕ್ಕ, ಎರಡು ರಾತ್ರಿ ಕೂತು. ನಿನ್ನೆಯ ತಮಾಷೆ ಇವತ್ತು ಬಿಸಿ ಮಾಡಿದರೆ ಯಾರು ತಿಂತಾರೆ?”

“ಗೊತ್ತು.”

“ಇನ್ನೇನಂದರು?”

“ನನ್ನ ವಿಷಯ.”

“ಅದನ್ನೂ ಹೇಳಿ.”

“ಆ ಹೆಂಗಸಿಗೆ ಗಂಡ ಹೋಗಿ ತಲೆ ನಿಲ್ಲುತ್ತಿಲ್ಲ ಪಾಪ, ಅಂದರು.”

ಬಸ್ಸು ಬಂತು. ಹುಡುಗಿಯ ಬಸ್ಸು, ಇವಳದ್ದಲ್ಲ. ಹುಡುಗಿ ಹತ್ತಿ, ಈ ಬದಿಯ ಕಿಟಕಿಗೆ ಬಂದು ಕೂತಳು. ಕಿಟಕಿಯ ಗಾಜು ಮುಚ್ಚಿತ್ತು. ಬೇರೆಯವರಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇವಳು ಕೆಳಗೆ ನಿಂತಳು, ಅವಳು ಮೇಲಿಂದ ನೋಡಿದಳು. ಆಮೇಲೆ ಹುಡುಗಿ ತನ್ನ ಹುಬ್ಬಿನ ಮೇಲೆ ಬೆರಳಿಟ್ಟಳು. ಅವನ ಹೆಸರು. ಅವನು ಹೋದಮೇಲೆ ಆ ಹೆಸರನ್ನು ಯಾರೂ ಹೀಗೆ ಕರೆದಿರಲಿಲ್ಲ. ಬಂದವರೆಲ್ಲ ಬಾಯಲ್ಲಿ ಬೇರೆ ಒಂದು ಹೆಸರು ಹೇಳಿ ಅತ್ತಿದ್ದರು. ಅದು ಅವನು ಒಮ್ಮೆಯೂ ಕೇಳಿಸಿಕೊಳ್ಳದ ಹೆಸರು.

“ಅವರಿಗೂ ಹೀಗೇ ಮಾಡ್ತಿದ್ದಿರಾ?”

ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಗಾಜಿನೊಳಗೆ ಹುಡುಗಿಯ ಮುಖದ ಮೇಲೆ ಇವಳ ಮುಖವೂ ತೆಳ್ಳಗೆ ಬಿದ್ದಿತ್ತು.

“ಹೌದು,” ಎಂದಳು ಅವಳು.

ಹುಡುಗಿ ತಲೆಯಾಡಿಸಿದಳು. ಕ್ಷಮಿಸಿದ್ದೂ ಅಲ್ಲ, ಬೈದದ್ದೂ ಅಲ್ಲ, ಕೇಳಿಸಿತು ಎಂದಷ್ಟೇ. ಬಸ್ಸು ಹೊರಟಿತು. ಮೂಲೆ ತಿರುಗುವವರೆಗೂ ಅವಳಿಗೆ ಆ ಕಿಟಕಿ ಕಾಣುತ್ತಿತ್ತು. ಆಮೇಲೆ ರಸ್ತೆ ಮಾತ್ರ ಉಳಿಯಿತು.

ಅವಳ ಕೈ ಇನ್ನೂ ಇಳಿದಿರಲಿಲ್ಲ. “ತಪ್ಪಿಹೋಯ್ತೇನಮ್ಮ ಬಸ್ಸು?” ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಮುದುಕ ಕೇಳಿದ. “ಅಷ್ಟು ಕೈ ಬೀಸಿದರೂ ನಿಲ್ಲಿಸಲಿಲ್ಲ ನೋಡು.” ಅವಳ ಕೈಗಳು ತಾವಾಗಿ ಎದೆಯ ಮಟ್ಟಕ್ಕೆ ಬಂದಿದ್ದವು, ಗಂಡ ಎದುರಿಗೆ ಕೂತಾಗ ಬರುತ್ತಿದ್ದ ಮಟ್ಟಕ್ಕೆ. ಡಾಕ್ಟರು ಮೊದಲು ಬಾಗಿಲು ಹಾಕಿದರು. ಕುರ್ಚಿ ಎಳೆದುಕೊಂಡರು. ನಿನ್ನ ಮುಖ ನೋಡಿಕೊಂಡು ಹೇಳಿದರು: ಇನ್ನು ನಾವು ಮಾಡುವಂಥದ್ದು ಏನೂ ಉಳಿದಿಲ್ಲ. ಮನೆಗೆ ಕರೆದುಕೊಂಡು ಹೋಗಿ. ನೋವಿಗೆ ಔಷಧಿ ಕೊಡ್ತೀವಿ. ಯಾರನ್ನಾದರೂ ನೋಡಬೇಕು ಅಂದರೆ ಈಗಲೇ ನೋಡಲಿ, ಹೇಳಬೇಕಾದ್ದಿದ್ದರೆ ಈಗಲೇ ಹೇಳಲಿ. ಒಂದು ಮಾತನ್ನೂ ಅವಳು ಮರೆತಿರಲಿಲ್ಲ. ಡಾಕ್ಟರು ತೆಗೆದುಕೊಂಡಷ್ಟೇ ಹೊತ್ತು ಹಿಡಿಯಿತು. ಮುದುಕ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ, ಅವಳ ತೋಳಿಗೆ ಜಾಗವಾಗಲೆಂದು ಒಂದು ಹೆಜ್ಜೆ ಆಚೆ ಸರಿದು ನಿಂತ.